ತಗಡಿನ ಕೆಳಗಿನ ಮಾವಿನ ಸೌದೆ

ಹೋದ ವಾರ ಹಲ್ಲು ತೋರಿಸಿಕೊಳ್ಳಲು ಬೇಲೂರಿಗೆ ಹೋಗಿದ್ದೆ. ಬಸ್ ನಿಲ್ದಾಣಕ್ಕೆ ವಾಪಸು ಬರುವ ದಾರಿಯಲ್ಲಿ ಒಂದು ಮರ ಕೊಯ್ಯುವ ಮಿಲ್ಲು. ಮಾವಿನ ದಿಮ್ಮಿ ಕೊಯ್ಯುತ್ತಿದ್ದರು. ಹಸಿ ಮಾವಿನ ಮರಕ್ಕೆ ಒಂದು ಹುಳಿ ವಾಸನೆ ಇದೆ. ಕಾಯಿಯ ಹುಳಿಯಲ್ಲ, ಅದಕ್ಕಿಂತ ಮಂಕಾದದ್ದು. ಇಂಜೆಕ್ಷನ್ನಿಗೆ ನನ್ನ ಅರ್ಧ ಬಾಯಿ ಮರಗಟ್ಟಿತ್ತು, ಮೂಗು ಮಾತ್ರ ನೆಟ್ಟಗಿತ್ತು. ಅಲ್ಲೇ ನಿಂತುಬಿಟ್ಟೆ. ನಾನು ಹತ್ತಬೇಕಾದ ಜಾವಗಲ್ಲಿನ ಬಸ್ಸು ಎದುರಿಗೇ ಹೋಯಿತು, ಕೈ ಎತ್ತಬೇಕು ಅನ್ನಿಸಲಿಲ್ಲ...

ನಮ್ಮೂರು ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ನಾನು ಮದುವೆಯಾಗಿ ಬಂದಾಗ ಪಕ್ಕದ ಮನೆಯಲ್ಲಿದ್ದವರು ದೊಡ್ಡವ್ವ. ರಕ್ತಸಂಬಂಧವೇನಲ್ಲ. ನನ್ನ ಗಂಡ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಎರಡು ಹಿತ್ತಿಲುಗಳ ನಡುವೆ ಸೊಂಟದೆತ್ತರದ ಕಳ್ಳಿ ಬೇಲಿ. ಬೇಲಿಯ ಆ ಕಡೆ ಅವರು, ಈ ಕಡೆ ನಾನು, ಹದಿನಾಲ್ಕು ವರ್ಷ ಮಾತಾಡಿದೆವು. ಮಾತೆಲ್ಲ ಹೆಚ್ಚಾಗಿ ಮರದ್ದು, ಸೌದೆಯದ್ದು, ಅಡುಗೆಯದ್ದು.

ಸೌದೆಗಳ ಗುಣ ಅವರಿಗೆ ಊರಿನ ಜನರ ಗುಣದಷ್ಟೇ ಗೊತ್ತಿತ್ತು. "ತೆಂಗಿನ ಗರಿ ನೆಂಟ ಇದ್ದಂಗೆ ಕಣೇ. ಬಂದಾಗ ಭಾರಿ ಜೋರು, ತಿರುಗಿ ನೋಡೋದ್ರೊಳಗೆ ಪತ್ತೆ ಇಲ್ಲ" ಎನ್ನುತ್ತಿದ್ದರು. ಜಾಲಿ ಕೆಂಡ ಅತ್ತೆಯ ಸಿಟ್ಟು, ಬೂದಿ ಮುಚ್ಚಿದರೂ ಒಳಗೇ ಇರುತ್ತದೆ. ನೀಲಗಿರಿಯನ್ನಂತೂ ಹತ್ತಿರ ಸೇರಿಸುತ್ತಿರಲಿಲ್ಲ. "ಒಲೆಗಿಟ್ರೆ ಬರೀ ಬುಸುಗುಡ್ತದೆ, ಥೇಟ್ ನಿನ್ನಂಗೆ."

"ನಿಮ್ಮನೇಲೂ ಗ್ಯಾಸ್ ಐತಲ್ಲ ದೊಡ್ಡವ್ವ, ಇಷ್ಟು ಯಾಕೆ ಒದ್ದಾಡ್ತೀರಿ?"

"ಐತೆ. ಕಾಫಿಗೆ."

ರಾಗಿ ಒಕ್ಕಿ, ತೂರಿ, ಕಣದಲ್ಲಿ ರಾಶಿ ಮಾಡಿದ ದಿನ ಎರಡೂ ಮನೆಯವರು ಸೇರಿ ಊಟ ಮಾಡುವುದು ನಮ್ಮಲ್ಲಿ ನಡೆದುಬಂದ ರೂಢಿ. ರಾಶಿಗೆ ಸಗಣಿಯ ಬೆನಕನನ್ನಿಟ್ಟು ಪೂಜೆ ಮಾಡಿ, ಅಲ್ಲೇ ಮೂರು ಕಲ್ಲು ಹೂಡಿ, ಹೊಸ ರಾಗಿಯ ಮುದ್ದೆ, ಅವರೆಕಾಳು ಸಾರು, ಬೆಲ್ಲದ ಪಾಯಸ ಮಾಡುತ್ತೇವೆ. ಕೆಲಸಕ್ಕೆ ಬಂದವರು, ದಾರಿಯಲ್ಲಿ ಹೋಗುವವರು, ಎಲ್ಲರೂ ಉಣ್ಣಬೇಕು. ಉಂಡಾದ ಮೇಲೇ ಕಾಳು ಮನೆಗೆ. ಮೆಷಿನ್ನು ಬಂದ ಮೇಲೆ ಬಹಳ ಮನೆಗಳಲ್ಲಿ ಇದು ನಿಂತಿದೆ. ನಾವು ಬಿಟ್ಟಿರಲಿಲ್ಲ. ಕಣದ ಮಡಕೆ ಸೌದೆಯ ಬೆಂಕಿಯಲ್ಲೇ ಬೇಯಬೇಕೆಂಬುದನ್ನೂ ಬಿಟ್ಟಿರಲಿಲ್ಲ.

ದೊಡ್ಡವ್ವನ ಹಿತ್ತಿಲಿನಲ್ಲಿ, ಬೇಲಿಗೆ ಒತ್ತಿಕೊಂಡು, ತಗಡಿನ ಚಪ್ಪರದ ಕೆಳಗೆ ಒಂದು ಸೌದೆಯ ಒಟ್ಟಿಲು ಇತ್ತು. ಅವರ ಹೊಲದಲ್ಲಿ ಒಣಗಿಹೋದ ಮಾವಿನ ಮರವನ್ನು ಸೀಳಿಸಿ ಒಟ್ಟಿದ್ದು. ಅದನ್ನು ಅವರು ಒಲೆಗೆ ಮುಟ್ಟುತ್ತಿರಲಿಲ್ಲ. ಪ್ರತಿ ಬೇಸಿಗೆಯಲ್ಲಿ ಪೂರ್ತಿ ಕೆಳಗಿಳಿಸಿ, ಗೆದ್ದಲು ನೋಡಿ, ಬಿಸಿಲು ಕಾಣಿಸಿ, ಅಡಿಗೆ ಬೂದಿ ಚೆಲ್ಲಿ ಮತ್ತೆ ಒಟ್ಟುತ್ತಿದ್ದರು. ನಾನು ಸೀಳು ಎತ್ತಿಕೊಡುತ್ತಿದ್ದೆ. ಮೊದಲ ವರ್ಷ, ಇದು ಯಾಕೆ ಎಂದು ಕೇಳಿದ್ದಕ್ಕೆ ನಕ್ಕರು.

"ಅದು ನನ್ ಗಾಡಿ ಕಣೇ. ಅದ್ರ ಮೇಲೇ ನಾನು ಹೋಗೋದು."

ಆಮೇಲೆ ನಗು ನಿಲ್ಲಿಸಿ ಕಾರಣ ಹೇಳಿದರು. ಅವರ ಯಜಮಾನರು ಹೋದದ್ದು ಆಷಾಢದ ಮಳೆಯಲ್ಲಿ, ನೆಂದ ಸೌದೆ ಹತ್ತಿರಲಿಲ್ಲ. ಹೆಂಗಸರು ಸುಡುವ ಜಾಗಕ್ಕೆ ಹೋಗುವುದಿಲ್ಲ. ಆದರೆ ಹೋದ ಗಂಡಸರು ಮೂರು ಸಲ ಮನೆಗೆ ವಾಪಸು ಬಂದಿದ್ದರು. ಮೊದಲು ಸೀಮೆಎಣ್ಣೆಗೆ, ಆಮೇಲೆ ಉರಿ ಏಳಿಸಲು ಸಕ್ಕರೆಗೆ. "ಮೂರನೇ ಸಲ ಬಂದವ್ರು ನನಗೆ ಮುಖ ಕೊಡ್ಲಿಲ್ಲ. ಟಯರ್ ಐತಾ ಅಂದ್ರು. ಟಯರ್ ಹಾಕಿ ಸುಟ್ರು ಕಣೇ ಅವ್ರನ್ನ. ನನಗೆ ಹಂಗಾಗಬಾರ್ದು. ಒಂದೇ ಕಡ್ಡಿಗೆ ಹತ್ಕೋಬೇಕು." ಇಷ್ಟನ್ನೂ ಹೇಳಿ, ಸಾರಿಗೆ ಹುಣಸೆ ಹಾಕಿದೆಯಾ ಎಂದು ಕೇಳಿದರು...

ಮೂರು ವರ್ಷದ ಹಿಂದೆ, ನಮ್ಮ ರಾಗಿ ಕಣದಲ್ಲಿದ್ದಾಗ ಅಕಾಲದ ಮಳೆ ಹಿಡಿಯಿತು. ನಾಲ್ಕು ದಿನ ಬಿಡಲಿಲ್ಲ. ಐದನೆಯ ದಿನ ಬಿಸಿಲು ಬಂತು, ಒಕ್ಕುವ ಮೆಷಿನ್ನೂ ಸಿಕ್ಕಿತು. ಮಧ್ಯಾಹ್ನದೊಳಗೆ ಮುಗಿಸಿ ಅಲ್ಲೇ ಊಟ ಎಂದಾಯಿತು. ಇಪ್ಪತ್ತೈದು ಜನ. ನಮ್ಮ ಸೌದೆಯೆಲ್ಲ ನೆಂದು ತೊಪ್ಪೆಯಾಗಿತ್ತು. ಎರಡು ಸಲ ಹೊತ್ತಿಸಿದೆ, ಹೊಗೆ ಬಿಟ್ಟರೆ ಬೇರೆ ಏನೂ ಏಳಲಿಲ್ಲ. ಸಿಲಿಂಡರ್ ತಂದಿಡಲೇನೆ ಎಂದು ಗಂಡ ಕೇಳಿದರು. ಕಣಕ್ಕೆ ಗ್ಯಾಸ್ ಬೇಡ ಅಂದವಳು ನಾನೇ.

ಒಣಗಿದ ತೆಂಗಿನ ಮಟ್ಟೆಯೇನಾದರೂ ಸಿಕ್ಕೀತೆಂದು ಹಿತ್ತಿಲಿಗೆ ಬಂದೆ. ದೊಡ್ಡವ್ವ ಬೇಲಿಯ ಹತ್ತಿರ ನಿಂತಿದ್ದರು.

"ಏನೇ, ಬಿಸಿಲು ಬಂತು ಅಂದ್ಕೊಂಡ್ರೆ ನೀನೇ ಮೋಡ ಮಾಡ್ತಿದ್ದೀಯಲ್ಲ. ಇಲ್ಲಿಗಂಟ ಹೊಗೆ ಬತ್ತಾ ಐತೆ."

ಹೇಳಿದೆ. ಅವರು ಹೋಗಿ ಸೌದೆಯ ಒಟ್ಟಿಲಿಗೆ ಅಡ್ಡ ನಿಲ್ಲಿಸಿದ್ದ ತಗಡನ್ನು ಸರಿಸಿದರು. "ತಗೊಂಡೋಗು."

"ಬ್ಯಾಡ ದೊಡ್ಡವ್ವ, ಅದು ನಿಮ್ಮದು."

"ನನ್ನದು ಅನ್ನೋದಕ್ಕೇ ಕೊಡ್ತಿರೋದು. ರಾಶಿ ಮುಂದೆ ಜನ ಹಸ್ಕೊಂಡು ಕೂರಬಾರ್ದು. ನಾನೇನ್ ನಾಳೆನೇ ಹೊಂಟ್ನಾ? ಸಂಕ್ರಾಂತಿ ಒಳಗೆ ತುಂಬ್ಸಿಡು, ಅಷ್ಟೆ."

ಐದು ಹೊರೆ ಹೊರಿಸಿದೆ. ಎರಡು ಸಾಕಾಗುತ್ತಿತ್ತು. ಮತ್ತೆ ಮತ್ತೆ ಬರುವುದೇಕೆ, ಒಂದೇ ಸಲಕ್ಕೆ ಆಗಿಬಿಡಲಿ ಎಂದು ಅಂದದ್ದು ನಾನು. ತಗಡಿನ ಕೆಳಗೆ ಬೂದಿ ಮತ್ತು ನಾಲ್ಕಾರು ಚಕ್ಕೆ ಉಳಿದವು. ಆ ಮಾವು ನಿಜಕ್ಕೂ ಒಂದೇ ಕಡ್ಡಿಗೆ ಹತ್ತಿಕೊಂಡಿತು. ದೊಡ್ಡವ್ವ ಕಣದಲ್ಲಿ ಕಾಲು ಚಾಚಿ ಕೂತು ಎರಡು ಮುದ್ದೆ ಉಂಡರು. "ನನ್ ಸೌದೆ ರುಚಿ ನಾನೇ ನೋಡಿದಂಗಾಯ್ತು" ಎಂದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ.

ಸಂಜೆ ಐದರ ಹೊತ್ತಿಗೆ ಮತ್ತೆ ಹನಿ ಬಿತ್ತು. ಗಂಡ ರಾಗಿ ಮೂಟೆಗಳನ್ನು ಟ್ರ್ಯಾಕ್ಟರಿಗೆ ಹೇರಿಸುತ್ತಿದ್ದರು. ನಾನು ಟಾರ್ಪಾಲು ಬಿಡಿಸಿ ದನದ ಹುಲ್ಲಿನ ಮೇಲೆ ಹೊದಿಸಿದೆ. ಉಳಿದ ಮೂರು ಹೊರೆ ಸೌದೆ ಹುಲ್ಲಿನ ಬದಿಯಲ್ಲೇ ಇತ್ತು. ಟಾರ್ಪಾಲನ್ನು ಎರಡು ಮೊಳ ಈ ಕಡೆಗೆ ಎಳೆದಿದ್ದರೆ ಸಾಕಿತ್ತು. ಆ ರಾತ್ರಿಯಿಂದ ಮತ್ತೆ ಮಳೆ, ವಾರ ಕಳೆದರೂ ಬಿಸಿಲು ಕಾಣಲಿಲ್ಲ.

ಅದಾಗಿ ಒಂಬತ್ತನೆಯ ದಿನ ಬೆಳಗ್ಗೆ ದೊಡ್ಡವ್ವ ಹಿತ್ತಿಲಿನಲ್ಲಿ ಮುಖ ತೊಳೆಯಲು ಬಗ್ಗಿದವರು ಮೇಲೇಳಲಿಲ್ಲ. ಅವರ ಮಗ ಕೂಗಿದ್ದು ಕೇಳಿ ನಾನೇ ಮೊದಲು ಓಡಿದ್ದು. ದೊಡ್ಡವ್ವನ ಕೈಯಲ್ಲಿ ಇನ್ನೂ ತಂಬಿಗೆ ಇತ್ತು.

ಮಧ್ಯಾಹ್ನ ಮಗ ಹಿತ್ತಿಲಿಗೆ ಬಂದ. ನನಗಿಂತ ಚಿಕ್ಕವನು, ಅಕ್ಕ ಎನ್ನುತ್ತಾನೆ. ತಗಡು ಸರಿಸಿ ನೋಡಿ, ಬೇಲಿಯಾಚೆ ನಿಂತಿದ್ದ ನನ್ನ ಕಡೆ ತಿರುಗಿದ. "ಅಕ್ಕ, ಅವ್ವನ ಸೌದೆ?"

ಕಣಕ್ಕೆ ಒಯ್ದೆವು ಎಂದೆ. ಉಳಿದದ್ದು ಅಲ್ಲೇ ಇದೆ ಎಂದೆ. ನೆಂದಿದೆ ಎಂದು ಹೇಳುವ ಅಗತ್ಯ ಬೀಳಲಿಲ್ಲ, ನಾವು ಮಾತಾಡುತ್ತಿದ್ದಾಗಲೇ ಮಳೆ ಸುರಿಯುತ್ತಿತ್ತು. ಅವನು ತಗಡನ್ನು ಮೊದಲಿನಂತೆ ಅಡ್ಡ ನಿಲ್ಲಿಸಿದ. "ಇರ್ಲಿ ಬಿಡಕ್ಕ, ಅವ್ವನೇ ಕೊಟ್ಟಿದ್ದಲ್ವಾ. ಗಡಿಬಿಡೀಲಿ ಮುಚ್ಚೋದು ಮರ್ತೋಗಿರ್ತೀರ" ಎಂದ. ದೊಡ್ಡವ್ವನ ಚಿತೆಗೆ ಅವರದೇ ಸೌದೆ ಹೋಯಿತು. ಕಣದಿಂದ, ನೀರಿಳಿಯುತ್ತಾ.

ಹೆಂಗಸರೆಲ್ಲ ಅವರ ಜಗಲಿಯ ಮೇಲೆ ಕೂತಿದ್ದೆವು. ಗಂಡಸರು ಹೋಗಿ ಒಂದು ಗಂಟೆಯಾಗಿತ್ತು. ಕೆಸರಿನಲ್ಲಿ ಯಾರೋ ಬೇಗ ಬೇಗ ನಡೆದು ಬರುವ ಸದ್ದಾಯಿತು. ನನ್ನ ಗಂಡ. ಡೀಸೆಲ್ ಕೇಳಿದರು. ಆಮೇಲೆ ಇನ್ನೊಬ್ಬರು ಬಂದು ಸಕ್ಕರೆ ತೆಗೆದುಕೊಂಡು ಹೋದರು. ಮೂರನೆಯ ಸಲ ಹೆಜ್ಜೆ ಸದ್ದಾದಾಗ ನಾನು ಎದ್ದು ಒಳಗೆ ಹೋಗಿ ಅಡುಗೆಮನೆಯ ಗೋಡೆಗೆ ಮುಖ ಇಟ್ಟು ನಿಂತೆ. ಏನು ಕೇಳಲು ಬಂದಿದ್ದರೋ ನನಗೆ ಗೊತ್ತಿಲ್ಲ. ಗಂಡನನ್ನು ಈವರೆಗೂ ಕೇಳಿಲ್ಲ. ನಮ್ಮ ಹಳೆಯ ಟ್ರೇಲರಿನ ಎರಡು ಟಯರು ಕೊಟ್ಟಿಗೆಯ ಹಿಂದೆ ಇದ್ದವು. ಅವು ಈಗಲೂ ಇವೆಯಾ ಎಂದು ನೋಡಲು ಆ ಕಡೆ ನಾನು ಹೋಗುವುದಿಲ್ಲ...

ಈ ವರ್ಷವೂ ಕಣದ ಊಟ ಆಯಿತು. ದೊಡ್ಡವ್ವನ ಮಗ ಬಂದಿದ್ದ. ಎರಡನೆಯ ಮುದ್ದೆ ಹಾಕುವಾಗ ಇವತ್ತು ಹೇಳಿಬಿಡಬೇಕು ಎಂದುಕೊಂಡೆ. ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಗಡಿಬಿಡಿಯಲ್ಲಿ ಮರೆತದ್ದು ಎಂದು ಅವನು ನಂಬಿದ್ದಾನೆ, ಊರೂ ನಂಬಿದೆ. ನಾನು ಮರೆತಿರಲಿಲ್ಲ. ಆ ಸಂಜೆ ಟಾರ್ಪಾಲಿನ ಅಂಚು ಕೈಯಲ್ಲಿ ಹಿಡಿದಿದ್ದಾಗ ಸೌದೆಯನ್ನು ನೋಡಿದೆ, ಅದು ಯಾವ ಸೌದೆಯೆಂಬುದೂ ನೆನಪಿಗೆ ಬಂತು, ಹುಲ್ಲು ನೆಂದರೆ ದನಕ್ಕೇನು ಹಾಕುವುದು, ಸೌದೆ ನಾಳೆ ಒಣಗುತ್ತದೆ ಅಂದುಕೊಂಡೆ.

ಅವನಿಗೆ ಹೇಳಿದರೂ ಇರಲಿ ಬಿಡಕ್ಕ ಅಂದಾನು. ಅದನ್ನು ಇನ್ನೊಂದು ಸಲ ಕೇಳುವ ಶಕ್ತಿ ನನಗಿಲ್ಲ. ಬೇಲಿಯಾಚೆಯಿಂದ ನನ್ನನ್ನು ಬಾಯಿಗೆ ಬಂದಂತೆ ಬೈದು, ಬೈದು ಮುಗಿಸಿ, ಸಾರಿಗೆ ಏನು ಹಾಕಿದೆಯೇ ಎಂದು ಕೇಳುತ್ತಿದ್ದವರು ಒಬ್ಬರೇ ಇದ್ದರು.