ದೊಡ್ಡವ್ವ ಮಳೆ ತಡೆದ ವರ್ಷ

ನಮ್ಮ ದೊಡ್ಡವ್ವನಿಗೆ, ಎಂದರೆ ನಮ್ಮವ್ವನ ಅಕ್ಕನಿಗೆ, ತೊನ್ನು ಇತ್ತು. ತುಟಿಯ ಅಂಚಿನಲ್ಲಿ ಶುರುವಾದ ಬಿಳುಪು ನನಗೆ ಬುದ್ಧಿ ಬರುವ ಹೊತ್ತಿಗೆ ಎರಡೂ ಕೈಗಳ ಮೊಣಕೈವರೆಗೆ ಏರಿತ್ತು. ಅದೇ ಕೈಯಿಂದ ಊರಿನ ಎಷ್ಟೋ ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದಳು. ಬಾಣಂತಿಯ ಮನೆಗೆ ಅವಳು ಬೇಕು, ಮದುವೆ ಮನೆಯ ಅಡುಗೆಗೆ ಮಾತ್ರ ಬೇಡ. ಅವಳು ತಾನಾಗಿಯೇ ದೂರ ಕೂರುತ್ತಿದ್ದಳು. ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ನಮ್ಮ ಮನೆತನದಲ್ಲಿ ಹೂಳುವುದು ರೂಢಿ. ಅವಳ ಹೊಲದ ಮೂಲೆಯ ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು. ಅವಳ ಒಬ್ಬಳೇ ಮಗಳನ್ನು ನಾನು ಅಕ್ಕ ಎಂದೇ ಕರೆಯುವುದು. ಅಕ್ಕನನ್ನು ಅದೇ ಊರಿಗೆ ಕೊಟ್ಟಿದ್ದರು. ದಿನವೂ ಹೊಲಕ್ಕೆ ಹೋಗುವಾಗ ಆ ಬೇವಿನ ಮರದ ಹತ್ತಿರ ಒಂದು ಗಳಿಗೆ ನಿಂತು ಹೋಗುತ್ತಿದ್ದಳು. ನಾನು ಆಗ ಕಾನಹೊಸಹಳ್ಳಿಯ ಶಾಲೆಯಲ್ಲಿ ಟೀಚರು. ಊರು ಹತ್ತಿರವೇ, ಊರಿನಿಂದಲೇ ದಿನಾ ಬಸ್ಸಿಗೆ ಹೋಗಿಬರುತ್ತಿದ್ದೆ.

ಆ ವರ್ಷ ಮುಂಗಾರು ಕೈಕೊಟ್ಟಿತು. ಮಳೆ ಕರೆಯಲು ಹುಡುಗರ ತಲೆಯ ಮೇಲೆ ಸೆಗಣಿಯ ಗುರ್ಜಿ ಬೊಂಬೆ ಹೊರಿಸಿ ಮನೆಮನೆಯಲ್ಲೂ ನೀರು ಹಾಕಿಸಿದರು. ಗುಡಿಯಲ್ಲಿ ಭಜನೆ ಹಿಡಿದರು. ಮೋಡ ಕಟ್ಟಿದ ಹಾಗೆ ಮಾಡಿ ಹಡಗಲಿ ಕಡೆ ಹಾದುಹೋಗುತ್ತಿತ್ತು. ಆಮೇಲೆ ಬಾವಿಕಟ್ಟೆಯಲ್ಲಿ ಪಿಸುಮಾತು ಶುರುವಾಯಿತು. ತೊನ್ನು ಇದ್ದವರನ್ನು ಸುಡಬೇಕು, ಹೂತರೆ ಮಳೆ ನಿಲ್ಲುತ್ತದೆ, ಹೂತಿದ್ದರೆ ಅಗೆದು ತೆಗೆದು ಸುಡಬೇಕು ಎಂಬುದು ನಮ್ಮ ಸೀಮೆಯ ಹಳೆಯ ನಂಬಿಕೆ. ದೊಡ್ಡವ್ವನಿಂದ ನೀರು ಹಾಕಿಸಿಕೊಂಡು ದೊಡ್ಡವರಾದವರೇ ಈ ಮಾತು ಆಡುತ್ತಿದ್ದರು.

ಕಡೆಗೆ ಗುಡಿಯ ಮುಂದೆ ಸಭೆ ಕೂಡಿತು. ಅಕ್ಕನ ಗಂಡ ಹೆದರಿ, ಕೂಡ್ಲಿಗಿಯಿಂದ ಪರಿಚಯದ ವಕೀಲರೊಬ್ಬರನ್ನು ಕರೆತಂದಿದ್ದ. ವಕೀಲರು ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತೊನ್ನು ಚರ್ಮಕ್ಕೆ ಸಂಬಂಧಿಸಿದ್ದು, ಮಳೆ ಗಾಳಿಗೆ ಸಂಬಂಧಿಸಿದ್ದು ಎಂದರು. ಆದರೆ ಮಾತಿಗೊಮ್ಮೆ ಕಾಡುಜನ, ಮೂಢರು ಎಂದು ಬೈದರು. ಗುದ್ದಲಿ ಮುಟ್ಟಿದವರನ್ನು ಪೊಲೀಸರಿಂದ ಒದೆಸುತ್ತೇನೆ ಎಂದರು. ನನಗಂತೂ ಕೇಳಿ ಹಿತವಾಯಿತು. ಆದರೆ ಆ ಕಡೆ ಕೂತಿದ್ದವರ ಮುಖ ಬಿಗಿಯಿತು. ದನಕ್ಕೆ ನೀರಿಲ್ಲದೆ ಕಂಗಾಲಾದವರು ಅವರು, ಬೈಸಿಕೊಳ್ಳಲು ಬಂದಿರಲಿಲ್ಲ. ಇವರೂ ಕೂಗಿದರು, ಅವರೂ ಕೂಗಿದರು, ಯಾರ ಮಾತೂ ಯಾರಿಗೂ ಕೇಳದ ಹಾಗಾಯಿತು.

ಆಗ ಅಕ್ಕ ಎದ್ದು ನಿಂತಳು. ಅಳಲಿಲ್ಲ, ದನಿ ಏರಿಸಲಿಲ್ಲ.

"ನಮ್ಮವ್ವ ಎಲ್ಲೂ ಓಡಿ ಹೋಗಂಗಿಲ್ರಿ. ಕೊಟ್ಟೂರು ಸಂತಿ ಬರ್ಲಿ, ಸುತ್ತಲ ಊರಿನೋರೆಲ್ಲ ಬಂದಿರ್ತಾರ. ಯಾವೂರಾಗ ಮಳಿ ಆಗೈತಿ, ಯಾವೂರಾಗ ಆಗಿಲ್ಲ, ಆಗದಿದ್ದ ಊರಾಗೆಲ್ಲ ತೊನ್ನಿದ್ದೋರನ್ನ ಹುಗದಾರೇನು, ಕೇಳಿಕೊಂಡು ಬರ್ರಿ. ಅಗೀಬೇಕು ಅನ್ನೋರೊಳಗ ಒಬ್ರು, ಬ್ಯಾಡ ಅನ್ನೋರೊಳಗ ಒಬ್ರು ಹೋಗ್ರಿ. ಹೌದು ಅಂದ್ರ ನಾನೇ ಗುದ್ದಲಿ ಹಿಡಿತೀನಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪಿದರು. ತಾಯಿಯನ್ನು ಕಳೆದುಕೊಂಡವಳೇ ಇಷ್ಟು ಸಮಾಧಾನದಿಂದ ಕೇಳುವಾಗ ಆಗಲ್ಲ ಎನ್ನುವುದು ಹೇಗೆ? ವಕೀಲರ ಬೈಗುಳ ಮಾತ್ರ ಕೆಲವು ಹುಡುಗರ ಎದೆಯಲ್ಲಿ ಉಳಿದುಬಿಟ್ಟಿತ್ತು. ಸಂತೆಗೆ ಇನ್ನೂ ದಿನಗಳಿದ್ದವು. ಮರುದಿನ ಬೆಳಗ್ಗೆ ಅಕ್ಕ ಎಂದಿನಂತೆ ಹೊಲಕ್ಕೆ ಹೋದಾಗ ಬೇವಿನ ಕೆಳಗೆ ಗುಂಡಿ ಬಾಯಿ ತೆರೆದಿತ್ತು. ಅತ್ತ ಬದುವಿನಾಚೆ ಹೊಗೆ ಏಳುತ್ತಿತ್ತು.

ಸುದ್ದಿ ತಿಳಿದು ನಾನು ಶಾಲೆಗೆ ರಜೆ ಹಾಕಿ ಓಡಿದೆ. ಅಕ್ಕ ಗುಂಡಿಯ ಪಕ್ಕ ಕೂತು, ಹೊರಗೆ ಬಿದ್ದ ಮಣ್ಣನ್ನು ಕೈಯಿಂದ ಒಳಗೆ ತಳ್ಳುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ತಳ್ಳಿದೆ. 

ಆ ವಾರವೇ ಮಳೆ ಬಂತು. ಹಳ್ಳ ತುಂಬುವಂಥ ಮಳೆ. ಊರಲ್ಲಿ ಸಕ್ಕರೆ ಹಂಚಿದರು. ಅಕ್ಕನ ಮನೆಗೂ ತಂದರು, ಅದೂ ಅಣಕಿಸಲು ಅಲ್ಲ, ಪ್ರೀತಿಯಿಂದ. ಮುದುಕಿಯೊಬ್ಬಳು ಅವಳ ಕೈ ಹಿಡಿದು, "ನಿಮ್ಮವ್ವ ದೊಡ್ಡಾಕಿ, ಕೊನೀಗೂ ಮಳಿ ಬಿಟ್ಟಳು" ಎಂದಳು. ಅಕ್ಕ ಸಕ್ಕರೆ ಇಸಿದುಕೊಂಡು ನೆಲುವಿನ ಮೇಲಿಟ್ಟಳು, ಬಾಯಿಗೆ ಹಾಕಿಕೊಳ್ಳಲಿಲ್ಲ.

ಸಂತೆಯ ದಿನ ಕೊಟ್ಟೂರಿಗೆ ನಾನೇ ಹೋದೆ. ಹಿರೇಹಡಗಲಿಯವರು, ಹಗರಿಬೊಮ್ಮನಹಳ್ಳಿ ಕಡೆಯವರು, ಹರಪನಹಳ್ಳಿಯವರು, ಕಂಡಕಂಡವರನ್ನೆಲ್ಲ ಮಾತಾಡಿಸಿದೆ. ಅದೇ ಮಳೆ ಎಲ್ಲ ಕಡೆಯೂ ಆಗಿತ್ತು. ಅಲ್ಲಿ ಯಾರೂ ಯಾರನ್ನೂ ಅಗೆದಿರಲಿಲ್ಲ. ಊರಿಗೆ ಬಂದು ಹೇಳಿದೆ. "ಮಳಿ ಬಂತಲ್ಲ, ಬಿಡ್ರಿ ಟೀಚರ್" ಎಂದು ಎತ್ತು ಹೊಡೆದುಕೊಂಡು ಹೋದರು.

ಎಷ್ಟೋ ವರ್ಷಗಳಾದ ಮೇಲೆ, ನಾನು ಹರಪನಹಳ್ಳಿಗೆ ವರ್ಗವಾಗಿದ್ದಾಗ, ಹಿಂಗಾರಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹಿಡಿಯಿತು. ರಸ್ತೆಯುದ್ದಕ್ಕೂ ಒಣಗಲು ಹರವಿದ್ದ ಮೆಕ್ಕೆಜೋಳ ಮೊಳಕೆ ಒಡೆಯಿತು. ಹವಾಮಾನ ಬದಲಾವಣೆಯ ಬಗ್ಗೆ ಒಂದು ಶಾಲೆಯ ಸಭಾಂಗಣದಲ್ಲಿ ಚರ್ಚೆ ಇಟ್ಟರು. ಅಕ್ಕ ಆಗ ನನ್ನ ಮನೆಗೆ ಬಂದಿದ್ದಳು, ನಾನೂ ಬರ್ತೀನಿ ಎಂದಳು. ಒಬ್ಬರು ಮೈಕು ಹಿಡಿದು, ಎಲ್ಲ ಮುಗಿಯಿತು, ನಿಮ್ಮ ಮಕ್ಕಳು ಸುಟ್ಟು ಸಾಯುತ್ತಾರೆ, ಅದಕ್ಕೆ ಮರ ಕಡಿದ ನೀವೇ ಕಾರಣ ಎಂದು ಗದರಿದರು. ಇನ್ನೊಬ್ಬರು ಮೇಜು ಗುದ್ದಿ, ಇದೆಲ್ಲ ಹೊರದೇಶದವರ ಹುನ್ನಾರ, ಮಳೆ ಯಾವತ್ತೂ ಹೀಗೇ ಎಂದರು. ಜನ ಇಬ್ಬರಿಗೂ ಚಪ್ಪಾಳೆ ಹೊಡೆದರು. ಭೂಮಿ ಬಿಸಿಯಾಗುತ್ತಿದೆ ಎಂಬುದನ್ನು ನಾನೇ ತರಗತಿಯಲ್ಲಿ ಕಲಿಸುತ್ತೇನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಸಮತೂಕದ ಮಾತು ಎಂದರೆ ನಿಜಕ್ಕೂ ಸುಳ್ಳಿಗೂ ಅರ್ಧರ್ಧ ಪಾಲು ಹಾಕುವುದಲ್ಲ ಎಂಬುದೂ ಗೊತ್ತು. ಆದರೆ ಮುಂದಿನ ವರ್ಷ ಯಾವಾಗ ಬಿತ್ತಬೇಕು, ಬೆಳೆ ಎಲ್ಲಿ ಒಣಗಿಸಬೇಕು ಎಂದು ಕೇಳಲು ಬಂದವರು ಬೈಸಿಕೊಂಡು ಹೋದರು. ನನಗೆ ಗುಡಿಯ ಮುಂದಿನ ಆ ಸಭೆಯಲ್ಲೇ ಕೂತ ಹಾಗಾಗಿತ್ತು.

ಅಕ್ಕ ಕೈ ಎತ್ತಿದ್ದಳು. ಅಷ್ಟರಲ್ಲಿ ವಂದನಾರ್ಪಣೆ ಶುರುವಾಯಿತು, ಮೈಕು ಅವಳವರೆಗೆ ಬರಲಿಲ್ಲ.

ಬಸ್ ನಿಲ್ದಾಣದಲ್ಲಿ ಅವಳ ಊರಿನ ಬಸ್ಸಿಗೆ ಕಾಯುವಾಗ, ಕೈ ಎತ್ತಿ ನೀನು ಏನು ಕೇಳಬೇಕೆಂದಿದ್ದೆ ಎಂದೆ. 

"ಯಾರ ತಪ್ಪು ಅನ್ನೂದು ಆಮ್ಯಾಲೆ ನೋಡೂಣು, ಮೊದ್ಲು ಏನಾಗೈತಿ ಅಂತ ಸಮಾಧಾನದಿಂದ ಹೇಳ್ರಿ, ಅನ್ನಬೇಕಂತಿದ್ದೆ ತಂಗಿ. ಸಿಟ್ಟು ಬಂದೋರಿಗೆ ಮಳಿಗಿಂತ ಮೊದ್ಲು ತಪ್ಪು ಹೊರಸಾಕ ಒಬ್ಬ ಮನಿಷಾ ಬೇಕಾಗ್ತಾನ. ನಮ್ಮವ್ವನ್ನ ಅಗದ್ರು, ಮಳಿ ಬಂತು, ಅಲ್ಲಿಗೆ ನಿಂತ್ರು." ಬಸ್ಸು ಬಂದು ನಿಂತಿತು. ಅವಳು ಚೀಲ ಎತ್ತಿಕೊಂಡಳು. "ಮಳಿ ಬರದಿದ್ರ, ಮುಂದ ಯಾರನ್ನ ಅಗಿತಿದ್ರೋ."