ಹದಿನೈದು ವಾಟಿನಲ್ಲಿ ಹೆಣ್ಣು ನೋಡಿದ್ದು

ಪುತ್ತೂರಿನ ನಮ್ಮ ಮನೆಗೆ ಕರೆಂಟು ಬಂದ ಮರುವರ್ಷ, ಕಾಣಿಯೂರಿನ ಕಡೆಯ ಒಂದು ಸಂಬಂಧ ನನ್ನನ್ನು ಕೇಳಿಕೊಂಡು ಬಂತು. ನನ್ನ ಮುಖದ ತುಂಬ ಸಿಡುಬಿನ ಕಲೆ. ಮೊದಲು ಹಗಲಿನಲ್ಲಿ ಬಂದಿದ್ದವರೆಲ್ಲ ಅವಲಕ್ಕಿ ತಿಂದು, ಆಮೇಲೆ ತಿಳಿಸುತ್ತೇವೆ ಎಂದು ಹೋದರು. ತಿಳಿಸಲಿಲ್ಲ. ಇದೂ ತಪ್ಪಿದರೆ ನನಗೆ ಮದುವೆ ಇಲ್ಲವೆಂದು ಅಮ್ಮ ತೀರ್ಮಾನಿಸಿದ್ದಳು. ಹಾಗಾಗಿ ಇವರಿಗೆ ದೀಪ ಹಚ್ಚಿದ ಮೇಲೆ ಬರಲು ಹೇಳಿಸಿದಳು.

ಚಾವಡಿಯಲ್ಲಿದ್ದದ್ದು ಅರವತ್ತು ವಾಟಿನ ಬಲ್ಬು. ಅಮ್ಮ ಅಣ್ಣನಿಂದ ಅದನ್ನು ಕಳಚಿಸಿ, ಬಚ್ಚಲಿನ ಹದಿನೈದರದ್ದನ್ನು ಹಾಕಿಸಿದಳು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ವಾಟ್ ಎಂದರೆ ಏನೆಂದು ಇವತ್ತಿಗೂ ಗೊತ್ತಿಲ್ಲ. ಅರವತ್ತಕ್ಕೆ ಮುಖ ಕಾಣುತ್ತದೆ, ಹದಿನೈದಕ್ಕೆ ಕಾಣುವುದಿಲ್ಲ, ಅಷ್ಟು ಗೊತ್ತಿತ್ತು.

ಹುಡುಗ ತನ್ನನ್ನು ಸಾಕಿದ ಸೋದರತ್ತೆಯ ಜೊತೆ ಬಂದ. ನಾನು ಕಾಫಿ ಕೊಟ್ಟು ಕುಳಿತೆ. ಆ ಹೆಂಗಸು ನನ್ನನ್ನು ಬಿಟ್ಟು ಮೇಲೆ ನೋಡಿದಳು.

"ಇದು ಎಷ್ಟು ವಾಟಿನದ್ದು ಮಾರಾಯ್ರೆ?"

"ವೋಲ್ಟೇಜ್ ಇಲ್ಲ," ಎಂದಳು ಅಮ್ಮ. "ಸಂಜೆ ಅಕ್ಕಿ ಮಿಲ್ಲು ಶುರು ಮಾಡಿದ್ರೆ ಹೀಗೇ."

"ಮಿಲ್ಲಿನ ಶಬ್ದವೇ ಕೇಳುದಿಲ್ಲ ಅಲ್ವಾ?"

ಅಮ್ಮ ಅವಲಕ್ಕಿಯ ತಟ್ಟೆ ಮುಂದೆ ತಳ್ಳಿದಳು. ಮದುವೆಯಾದ ಮರುದಿನ ಬೆಳಗಾದರೆ ಹೇಗೂ ಕಾಣುವ ಮುಖ ಇದು ಎಂದು ನನಗೆ ಅನ್ನಿಸಿತು.

"ಹದಿನೈದರದ್ದು," ಎಂದೆ ನಾನು. "ಅರವತ್ತರದ್ದು ಒಳಗೆ ಅಕ್ಕಿ ಡಬ್ಬದಲ್ಲಿ ಉಂಟು, ಒಡೆಯಬಾರದು ಅಂತ ಇಟ್ಟದ್ದು."

"ಹಾಕಿ, ನೋಡುವ."

ಅಣ್ಣ ಸ್ಟೂಲು ಹತ್ತಿ, ಬಿಸಿ ಬಲ್ಬನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಹಿಡಿದು ತಿರುಗಿಸಿದ. ಕತ್ತಲೆಯಲ್ಲಿ ಅಮ್ಮ ನನ್ನ ತೋಳು ಚಿವುಟಿದಳು. ಬೆಳಕು ಬಂತು.

"ಸಿಡುಬಾ?" ಎಂದಳು ಸೋದರತ್ತೆ.

"ಹೌದು."

"ಕಣ್ಣಿಗೆ ಎಂತ ಆಗ್ಲಿಲ್ಲ ಅಲ್ವಾ?"

"ಇಲ್ಲ."

ನಾನೂ ಹುಡುಗನನ್ನು ನೋಡಿದೆ. ಗೋಡೆಯ ಬದಿಯ ಕಿವಿ ಅರ್ಧವೇ ಇತ್ತು.

"ಕಿವಿಗೆ ಎಂತ ಆದದ್ದು?" ಎಂದು ಕೇಳಿಬಿಟ್ಟೆ.

"ಸಣ್ಣದಿರುವಾಗ ನಾಯಿ ಕಚ್ಚಿದ್ದು," ಎಂದ ಅವನು, ನೆಲ ನೋಡಿಕೊಂಡು.

ಸೋದರತ್ತೆ ತೊಡೆ ತಟ್ಟಿ ನಕ್ಕಳು. "ಅಯ್ಯೋ, ಇವನನ್ನು ಜಾಗ ಹುಡುಕಿ ಗೋಡೆ ಬದಿಗೆ ಕೂರಿಸಿದ್ದು ದಂಡ ಆಯ್ತಲ್ಲಾ!"

ಅಮ್ಮನಿಗೂ ನಗು ತಡೆಯಲಿಲ್ಲ. ಏಳುವ ಮೊದಲೇ ಅವರು ಒಪ್ಪಿಗೆ ಹೇಳಿದರು. ನನ್ನನ್ನು ಕೇಳಿದಾಗ ನಾನೂ ಆಗಬಹುದು ಎಂದೆ.

ಮದುವೆಯಾಗಿ ಹೋದರೆ ವಾಟ್ ಕೇಳಿದವಳ ಮನೆಯಲ್ಲಿ ಕರೆಂಟೇ ಇರಲಿಲ್ಲ. ಒಂದು ಚಿಮಣಿ ದೀಪ, ಅದರ ಗಾಜೂ ಮಸಿ. ಇರಲಿ, ನೋಡುವುದನ್ನು ಇಬ್ಬರೂ ಮೊದಲೇ ನೋಡಿ ಆಗಿತ್ತು.