ಸುರೇಖಾ ಬಿಟ್ಟ ಸಾಲು

ಬ್ಯಾಡಗಿಯಲ್ಲಿ ಕೆಂಪಿಗೆ ಇರುವ ಮರ್ಯಾದೆ ಬೇರೆ ಯಾವ ಊರಲ್ಲೂ ಇಲ್ಲ. ಮೆಣಸಿನಕಾಯಿ ಎಷ್ಟು ಕೆಂಪೋ ಅಷ್ಟು ದರ. ಅದೇ ಕೆಂಪು ತಪ್ಪಿನ ಸೂಚನೆಯಾಗಿ ಕಂಪ್ಯೂಟರಿನ ಪರದೆ ಮೇಲೆ ಬಂತೋ, ಎಂಥ ಗಟ್ಟಿ ವ್ಯಾಪಾರಸ್ಥನ ಕೈಕಾಲೂ ತಣ್ಣಗಾಗುತ್ತವೆ. ಆಗ ರಾಣೆಬೆನ್ನೂರಿಗೆ ಫೋನು ಹೋಗುತ್ತದೆ: "ಸುರೇಖಾ ಮೇಡಂ, ಕೆಂಪು ಬಂದೈತ್ರಿ!"

ಸುರೇಖಾ ರೊಟ್ಟಿ ಬಡಿಯುತ್ತಿದ್ದರೂ ಸರಿ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಗಿಸಿಕೊಂಡು "ಏನ್ ಒತ್ತಿದ್ರಿ? ಖರೇ ಹೇಳ್ರಿ" ಎಂದು ಶುರುಮಾಡುತ್ತಾಳೆ. "ಏನೂ ಒತ್ತಿಲ್ರಿ" ಅನ್ನುವುದು ಎಲ್ಲರ ಉತ್ತರ. ಏನೂ ಒತ್ತದೆ ಕಂಪ್ಯೂಟರು ಕೆಡುವುದು ಹಾವೇರಿ ಜಿಲ್ಲೆಯಲ್ಲಿ ಮಾತ್ರ ಎಂದು ಅವಳು ಗಂಡ ಕೊಟ್ರೇಶನ ಮುಂದೆ ಗೊಣಗುತ್ತಾಳೆ.

ಹಾವೇರಿಯಲ್ಲಿ ಹುಟ್ಟಿ, ಅಲ್ಲೇ ಬಿಸಿಎ ಓದಿ, ಮದುವೆಯಾಗಿ ರಾಣೆಬೆನ್ನೂರಿಗೆ ಬಂದವಳು. ಪಿ.ಬಿ. ರಸ್ತೆಯಲ್ಲಿ ಬೀಜದ ಅಂಗಡಿಯೊಂದರ ಮಾಳಿಗೆ ಮೇಲೆ ಸಣ್ಣದೊಂದು ಸಾಫ್ಟ್‌ವೇರ್ ಕಂಪನಿ, ಅಲ್ಲಿ ಕೆಲಸ. ಬೀಜದ ಗೋದಾಮು, ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿ, ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳ ಲೆಕ್ಕದಲ್ಲಿ ಎಲ್ಲಿ ತೊಡಕು ಬಿದ್ದರೂ ಬಸ್ಸು ಹತ್ತಿ ಹೋಗಿ ಬಿಡಿಸಿ ಬರುವವಳು ಇವಳೇ. ಕೆಲಸದಲ್ಲಿ ಚುರುಕು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಕೆಂಪನ್ನು ಒಂದು ಗಳಿಗೆಯೂ ಸಹಿಸಳು. ಮೊದಲು ಅದು ಪರದೆಯಿಂದ ಹೋಗಬೇಕು, ಯಾಕೆ ಬಂತು ಎಂಬುದು ಆಮೇಲೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಅವಳಿಗೆ ಗೊತ್ತಿಲ್ಲವೆಂದಲ್ಲ. ಆದರೆ ನಿಧಾನಸ್ಥರಿಗೆ ಯಾರು ತಾನೇ ಫೋನು ಮಾಡುತ್ತಾರೆ?

ಆ ದಿನ ಅವಳು ಬಂದದ್ದು ಬ್ಯಾಡಗಿಯ ಮೋಟೆಬೆನ್ನೂರು ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿಗೆ. ಸುಗ್ಗಿ ಜೋರಾಗಿತ್ತು. ಚೀಲ ಹೊರುವ ಹಮಾಲರು ಗೇಟಿನಲ್ಲಿ ಟೋಕನ್ ಪಡೆದು, ತಮಗೆ ಹೇಳಿದ ಚೇಂಬರಿಗೆ ಹೋಗುತ್ತಾರೆ; ಹೊರಬರುವಾಗ ಟೋಕನ್ ತಿರುಗಿ ಕೊಡುತ್ತಾರೆ. ಅಲ್ಲಿಯವರೆಗೆ ಗೇಟಿನ ಮುಸ್ತಾಕ ಟೋಕನ್ನಿನ ಸಂಖ್ಯೆ ಕೂಗಿ ಹೇಳುವುದು, ಕಚೇರಿಯ ಗುಮಾಸ್ತ ಕೇಳಿ ಟೈಪು ಮಾಡುವುದು ನಡೆದಿತ್ತು. ಆ ದಿನದಿಂದ ಮುಸ್ತಾಕನ ಕೈಗೇ ಟ್ಯಾಬ್ ಬಂತು. ಬೆಳಿಗ್ಗೆ ಬೇಗ ಬಂದು ಅದನ್ನು ಜೋಡಿಸಿ ಕೊಟ್ಟ ಸುರೇಖಾ, ರಸ್ತೆ ಆಚೆಯ ತೂಕದ ಕಟ್ಟೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು.

ಬಿಸಿಲು ಏರುವ ಹೊತ್ತಿಗೆ ಒಳಗೆ ಕೆಮ್ಮು ಕೇಳಿಸಿತು. ಬ್ಯಾಡಗಿಯಲ್ಲಿ ಕೆಮ್ಮುವವರನ್ನು ಯಾರೂ ತಿರುಗಿ ನೋಡುವುದಿಲ್ಲ; ಘಾಟು ಅಂದುಕೊಂಡು ಮುಂದೆ ಹೋಗುತ್ತಾರೆ. ಅವತ್ತೂ ಹಾಗೇ ಅಂದುಕೊಂಡರು. ಆದರೆ ಇದು ಮೆಣಸಿನಕಾಯಿಯ ಘಾಟಾಗಿರಲಿಲ್ಲ. ಚೇಂಬರುಗಳನ್ನು ತಣ್ಣಗಿಡುವ ಅಮೋನಿಯಾ ಪೈಪು ಎಲ್ಲೋ ಬಾಯಿ ಬಿಟ್ಟಿತ್ತು. ಅಪಾಯದ ಗಂಟೆ ಹೊಡೆದದ್ದೇ ತಡ, ಹಮಾಲರು ಕಣ್ಣು ಮೂಗು ಮುಚ್ಚಿಕೊಂಡು ದಿಕ್ಕಿಗೊಬ್ಬರಂತೆ ಓಡಿದರು. ಗೇಟಿನಲ್ಲಿ ಟೋಕನ್ ಹಿಡಿದ ಕೈಗಳೆಲ್ಲ ಒಮ್ಮೆಲೇ ಚಾಚಿದವು. ಮುಸ್ತಾಕ ಕಣ್ಣಲ್ಲಿ ನೀರು ಸುರಿಸುತ್ತಲೇ ಒಂದೊಂದನ್ನೂ ಟ್ಯಾಬಿನಲ್ಲಿ ಒತ್ತಿದ.

ಯಂತ್ರ ನೋಡಿಕೊಳ್ಳುವ ಸರ್ಫರಾಜ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ತೂಕದ ಕಟ್ಟೆಗೆ ಓಡಿಬಂದ. ಮಾಸ್ಕು ಕೈಯಲ್ಲಿತ್ತು.

"ವಾಲ್ವ್ ಬಂದ್ ಮಾಡೇನ್ರಿ. ಆದ್ರ ಪೈಪಿನ್ಯಾಗ ಉಳಿದದ್ದು ಇನ್ನೂ ಬರಾಕತ್ತೈತಿ. ಚೇಂಬರಿನ ಬಾಗಿಲಾ ಹಾಕಿ ಬಿಗಿ ಮಾಡಬೇಕು. ಯಾರರ ಒಳಗ ಉಳದಾರೇನು? ಉಳದಿದ್ರ ಯಾವ ಚೇಂಬರ್? ಸಿಲಿಂಡರಿನ ಗಾಳಿ ಒಂದು ಚೇಂಬರಿಗೆ ಸಾಕಾಕ್ಕೈತಿ. ಎಲ್ಲಾ ಹುಡುಕ್ಕೋಂತ ಹೋಗಾಕ ಆಗೂದಿಲ್ರಿ."

ಮ್ಯಾನೇಜರ್ ಶಂಭುಲಿಂಗ ಸುರೇಖಾಳ ಕಡೆ ನೋಡಿದರು. "ಲಗೂ ನೋಡ್ರಿ ಮೇಡಂ."

ಅವಳು 'ಒಳಗಿರುವವರು' ಎಂಬುದನ್ನು ಒತ್ತಿದಳು. ಕೆಂಪು ಬಂತು.

ಟೋಕನ್ ಖಾನೆಯಲ್ಲಿರುವ '???' ಎಂಬುದನ್ನು ಸಂಖ್ಯೆ ಮಾಡಲು ಬರುವುದಿಲ್ಲ ಎಂದು ಯಂತ್ರ ಕೈಚೆಲ್ಲಿತ್ತು. ಟೋಕನ್ನಿನ ಸಂಖ್ಯೆ ಹಿಡಿದೇ ಹಮಾಲನ ಹೆಸರು ಹುಡುಕಬೇಕು. ಒಂದು ಸಾಲಿನಲ್ಲಿ ಸಂಖ್ಯೆ ಇಲ್ಲದಿದ್ದರೂ ವರದಿ ಪೂರ್ತಿ ನಿಲ್ಲುತ್ತದೆ. ಒಬ್ಬನ ತುತ್ತಿಗೆ ಕಲ್ಲು ಸಿಕ್ಕಿತೆಂದು ಇಡೀ ಪಂಕ್ತಿ ಎದ್ದುಹೋದ ಹಾಗೆ.

"ಏನಾತ್ರಿ?" ಶಂಭುಲಿಂಗ ಪರದೆಯತ್ತ ಬಗ್ಗಿದರು.

"ತಡೀರಿ!"

ಸುರೇಖಾಳ ಬೆರಳು ತಾವಾಗಿಯೇ ಓಡಿದವು. ಇಂಥದ್ದನ್ನು ಅವಳು ಎಷ್ಟು ಸಲ ಮಾಡಿಲ್ಲ! ಸಂಖ್ಯೆ ಅಲ್ಲದ್ದನ್ನು ಬಿಟ್ಟು ಉಳಿದದ್ದನ್ನು ತೋರಿಸು ಎಂದು ಒಂದು ಷರತ್ತು ಬರೆದಳು, ಅಷ್ಟೇ. ಕೆಂಪು ಹೋಯಿತು. ಹೋದವರೆಲ್ಲ ಬಂದಿದ್ದರು. ಒಳಗಿರುವವರು: ಯಾರೂ ಇಲ್ಲ.

"ಯಾರೂ ಇಲ್ರಿ!" ಎಂದಳು.

"ಮೈಲಾರಲಿಂಗಾ, ಕಾಪಾಡಿದಿ!" ಶಂಭುಲಿಂಗ ಎರಡೂ ಕೈ ಎತ್ತಿ ಮುಗಿದರು. "ಸರ್ಫರಾಜ, ಹಾಕು ಬಾಗಿಲಾ." ಅವನು ಮಾಸ್ಕು ಏರಿಸಿಕೊಂಡು ತಿರುಗಿದ.

ಸುರೇಖಾ ನಿರಾಳವಾಗಿ ಕುರ್ಚಿಗೆ ಒರಗಬೇಕಿತ್ತು. ಆಗಲಿಲ್ಲ. ಕಣ್ಣು ತಾನೇ ಬರೆದ ಷರತ್ತಿನ ಮೇಲೆ ನಿಂತುಬಿಟ್ಟಿತು. ಬಿಡು ಎಂದಿದ್ದಳು, ಯಂತ್ರ ಬಿಟ್ಟಿತ್ತು. ಏನನ್ನು ಬಿಟ್ಟಿತು? ಗೇಟಿನಲ್ಲಿ ಮನುಷ್ಯ ದಾಟದೆ ಈ ಲೆಕ್ಕದಲ್ಲಿ ಸಾಲು ಹುಟ್ಟುವುದಿಲ್ಲ.

"ಬಾಗಿಲಾ ಹಾಕಬ್ಯಾಡ್ರಿ!" ಅವಳು ಕಿರುಚಿದ ಸದ್ದಿಗೆ ರಸ್ತೆಯ ಮೇಲಿದ್ದವರೂ ತಿರುಗಿದರು.

"ಈಗರ ಯಾರೂ ಇಲ್ಲ ಅಂದ್ರಲ್ರಿ?" ಎಂದರು ಶಂಭುಲಿಂಗ.

ಸುರೇಖಾ ಆಗಲೇ ಲ್ಯಾಪ್‌ಟಾಪಿನ ಮೇಲೆ ಬಾಗಿದ್ದಳು. ಷರತ್ತನ್ನು ತಿರುವಿ ಬರೆಯತೊಡಗಿದಳು: ಸಂಖ್ಯೆ ಅಲ್ಲದ್ದನ್ನೇ ತೋರಿಸು. ಆತುರಕ್ಕೆ ಒಂದು ಅಕ್ಷರ ತಪ್ಪಿತು; ಮತ್ತೆ ಕೆಂಪು. ಹಲ್ಲು ಕಚ್ಚಿ ಅಳಿಸಿ ಬರೆದಳು. ಒಂದೇ ಒಂದು ಸಾಲು ಮೂಡಿತು. ಟೋಕನ್: ???. ಚೇಂಬರ್: ನಾಲ್ಕು. ಒಳಗೆ ಹೋದದ್ದು ಬೆಳಿಗ್ಗೆ, ಎಲ್ಲರಿಗಿಂತ ಮೊದಲು. ಹೊರಗೆ ಬಂದದ್ದು: ಖಾಲಿ.

"ಸರ್ಫರಾಜಣ್ಣಾ, ನಾಲ್ಕು! ನಾಲ್ಕರಾಗ ಒಬ್ರು ಅದಾರ!"

ಅವನು ನಾಲ್ಕರ ಕಡೆ ಓಡಿದ.

ಮುಸ್ತಾಕ ಕಟ್ಟೆಯ ಕೆಳಗೆ ಕಣ್ಣಿಗೆ ನೀರು ಹಾಕಿಕೊಳ್ಳುತ್ತ ನಿಂತಿದ್ದ. ಆ ಖಾನೆಗೆ ಕನ್ನಡ ಅಕ್ಷರ ತಿಳಿಯದು, ಅಕ್ಷರವಿರಲಿ ಅದರ ದೀರ್ಘವಿರಲಿ, ಒಂದೊಂದು ಗುರುತಿಗೂ ಒಂದೊಂದು ಪ್ರಶ್ನೆಚಿಹ್ನೆ ಇಟ್ಟುಕೊಳ್ಳುತ್ತದೆ ಎಂಬುದು ಸುರೇಖಾಳಿಗೆ ಗೊತ್ತಿತ್ತು. ಓಡಿಹೋಗಿ ಅವನ ತೋಳು ಹಿಡಿದಳು.

"ಮುಸ್ತಾಕಣ್ಣಾ, ಮುಂಜಾನೆ ಟೋಕನ್ ಖಾನ್ಯಾಗ ಕನ್ನಡದಾಗ ಏನ್ ಬರದಿ?"

"ಮೊದಲನೇದಕ್ಕೇನ್ರಿ ಅಕ್ಕಾರ? ಲಾಭ ಅಂತ ಬರದೇನ್ರಿ, ಉಳಿದದ್ದಕ್ಕೆಲ್ಲಾ ಅಂಕಿ ಒತ್ತೇನ್ರಿ. ಯಾವಾಗಲೂ ಹಂಗ ಅಲ್ರೀ? ಲಾಭ, ಎರಡು, ಮೂರು..."

ರಾಶಿ ಅಳೆಯುವಾಗ ಈ ಕಡೆ ಯಾರೂ ಮೊದಲ ಅಳತೆಯನ್ನು ಒಂದು ಅನ್ನುವುದಿಲ್ಲ. ಲಾಭ ಎಂದು ಎಣಿಸಿ, ಆಮೇಲೆ ಎರಡಕ್ಕೆ ಹೋಗುತ್ತಾರೆ. ಮುಸ್ತಾಕ ಇಷ್ಟು ವರ್ಷ ಗೇಟಿನಲ್ಲಿ ಲಾಭ ಎಂದೇ ಕೂಗಿದ್ದ, ಗುಮಾಸ್ತ ತಲೆ ಕೆಡಿಸಿಕೊಳ್ಳದೆ ಅದನ್ನು 1 ಎಂದು ಬರೆದುಕೊಂಡಿದ್ದ. ಇವತ್ತು ನಡುವೆ ಗುಮಾಸ್ತ ಇರಲಿಲ್ಲ.

"ಲಾಭದ ಟೋಕನ್ ಯಾರದು?"

"ಕರಬಸಜ್ಜಂದು" ಎಂದವನ ಮುಖ ಅಲ್ಲೇ ಬಿಳಿಚಿತು.

ಕರಬಸಪ್ಪ ಹಮಾಲರಲ್ಲೆಲ್ಲ ಹಿರಿಯ. ಅವನ ಕೈಗುಣ ಚಲೋ ಎಂದು ದಿನದ ಮೊದಲ ಚೀಲ ಅವನೇ ಇಳಿಸಬೇಕು. ಇಳಿಸಿದವನೇ ಚಹಾದ ಅಂಗಡಿಗೆ ಹೋಗಿ ಕೂಡುವುದು ರೂಢಿ. ಅದಕ್ಕೇ ಇಷ್ಟು ಗದ್ದಲದಲ್ಲೂ ಅಜ್ಜ ಎಲ್ಲಿ ಎಂದು ಒಬ್ಬನೂ ಕೇಳಿರಲಿಲ್ಲ.

"ಅಂವ ಚಾದ ಅಂಗಡ್ಯಾಗ ಇರ್ತಾನ್ರಿ" ಎಂದು ಶಂಭುಲಿಂಗ ತಮಗೆ ತಾವೇ ಹೇಳಿಕೊಂಡಂತೆ ಅಂದರು. "ಸುಮ್ಮನ ಆ ಸರ್ಫರಾಜನ ಜೀವಾ..." ಒಬ್ಬ ಹಮಾಲ ಓಡಿಹೋಗಿ ನೋಡಿ ಬಂದ. ಅಂಗಡಿಯ ಬೆಂಚು ಖಾಲಿ ಇತ್ತು.

ಆಮೇಲೆ ಮಾಡಲು ಯಾರಿಗೂ ಏನೂ ಇರಲಿಲ್ಲ. ನಾಲ್ಕನೇ ಚೇಂಬರಿನ ಕಪ್ಪು ಬಾಯಿಯನ್ನೇ ಎಲ್ಲರೂ ನೋಡಿದರು. ಸುರೇಖಾ ದೇವರನ್ನು ನೆನೆಯಲು ಹೋದಳು; ಒಂದು ಹೆಸರೂ ನಾಲಿಗೆಗೆ ಬರಲಿಲ್ಲ. ಬಾಗಿಲು ಬಿದ್ದಿದ್ದರೆ ಎಂಬ ಒಂದೇ ಯೋಚನೆ ತಲೆಯಲ್ಲಿ ಗಾಣದಂತೆ ಸುತ್ತುತ್ತಿತ್ತು.

ಕೊನೆಗೆ ಸರ್ಫರಾಜ ಬೆನ್ನು ಮಾಡಿಕೊಂಡು ಹೊರಬಂದ. ಎರಡೂ ಕಂಕುಳಿಗೆ ಕೈಹಾಕಿ ಅಜ್ಜನನ್ನು ಎಳೆಯುತ್ತಿದ್ದ. ವಾಲಿದ ಚೀಲಗಳನ್ನು ಸರಿಮಾಡುತ್ತ ಒಳಗೇ ಉಳಿದಿದ್ದ ಕರಬಸಪ್ಪ ಒದ್ದೆ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಮೂಲೆಯಲ್ಲಿ ಕುಸಿದಿದ್ದನಂತೆ. ನೀರು ಹೊಯ್ದರು. ಎದೆ ಒಮ್ಮೆ ಎದ್ದಿತು, ಮತ್ತೆ ಎದ್ದಿತು. ಅಷ್ಟರಲ್ಲಿ ಬಂದ ಆಂಬುಲೆನ್ಸಿನ ನರ್ಸು ಮೂಗಿಗೆ ಆಕ್ಸಿಜನ್ ಕಟ್ಟಿ, "ಉಳಕೋತಾರ. ಇನ್ನೊಂಚೂರು ತಡಾ ಆಗಿದ್ರ ನನ್ನ ಕೇಳಬ್ಯಾಡ್ರಿ" ಎಂದಳು. ಗಾಡಿ ಹಾವೇರಿಯ ಕಡೆ ಹೊರಟಿತು.

ಜೀವ ಬಂದ ಶಂಭುಲಿಂಗರಿಗೆ ಹಿಂದೆಯೇ ಸಿಟ್ಟೂ ಬಂತು. "ಮೇಡಂ ಇದ್ದದ್ದಕ್ಕ ಬಚಾವ್ ಆದ್ವಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮುಸ್ತಾಕನ ಕಡೆ ಕೈ ಎತ್ತಿಕೊಂಡೇ ಹೋದರು. "ನಿನ್ನ ಲಾಭಕ್ಕ ಬೆಂಕಿ ಹಚ್ಚಲಿ! ಒಂದು ಅಂತ ಬರಿಯಾಕ ಏನ್ ಧಾಡಿಯಾಗಿತ್ತು? ಒಂದು ಜೀವಾ ತಗೀತಿದ್ದೆಲ್ಲೋ!"

ಮುಸ್ತಾಕ ಹೊಡೆತಕ್ಕೆ ಕಾಯುವವನಂತೆ ತಲೆ ತಗ್ಗಿಸಿ ನಿಂತ. ಸುಮ್ಮನಿದ್ದರೆ ಸಾಕಿತ್ತು, ಊರಿಗೆ ಊರೇ ಸುರೇಖಾಳನ್ನು ಹೊಗಳುತ್ತಿತ್ತು. ಅವಳು ಇಬ್ಬರ ನಡುವೆ ಹೋಗಿ ನಿಂತಳು.

"ಅವಗ ಬೈಬ್ಯಾಡ್ರಿ. ಅಜ್ಜ ಒಳಗ ಹೋಗಿದ್ದನ್ನ ಬರದಾಂವ ಅವ. ಒಳಗ ಒಬ್ಬಂವ ಅದಾನ ಅಂತ ಯಂತ್ರನೂ ತನಗ ತಿಳದಂಗ ಕೂಗಾಕತ್ತಿತ್ತು. ಅದರ ಬಾಯಿ ಮುಚ್ಚಿಸಿ, ಯಾರೂ ಇಲ್ಲ ಅಂತ ಹೇಳಿದಾಕಿ ನಾನು."

ಶಂಭುಲಿಂಗ ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಹಾಗೇ ನಿಂತರು. ಸುರೇಖಾಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅದು ಅಮೋನಿಯಾದ್ದಲ್ಲ, ಗಾಳಿ ಆಗಲೇ ತಿಳಿಯಾಗಿತ್ತು. ಲ್ಯಾಪ್‌ಟಾಪನ್ನು ತೂಕದ ಕಟ್ಟೆಯಲ್ಲೇ ಬಿಟ್ಟು, ಮುಸ್ತಾಕನನ್ನು ಕರೆದುಕೊಂಡು ಅವಳು ಹಾವೇರಿ ಆಸ್ಪತ್ರೆಗೆ ಹೊರಟಳು.